ದೊಡ್ಡ ಸಿಟಿಯ ಚಳಿಗಾಲ: ಡಿಗ್ರಿ ಒಂದನ್ನೇ ನೋಡ್ಬೇಡಿ (ನನ್ನ ಅನುಭವ)

ಚಳಿ ಜಾಸ್ತಿ ಇರೋ ದೊಡ್ಡ ಸಿಟಿಗೆ ಶಿಫ್ಟ್ ಆಗ್ತಿರೋರೆಲ್ಲ ಮೊದಲು ಕೇಳೋದು ಅಲ್ಲಿ ಎಷ್ಟು ಡಿಗ್ರಿ ಇರತ್ತೆ ಅಂತ. ಸೆಖೆ ಊರಲ್ಲಿ ಬೆಳೆದು ಈಗ ಹಿಮ ಬೀಳೋ ಸಿಟಿಯಲ್ಲಿ ಸುಮಾರು ಚಳಿಗಾಲ ಕಳೆದಿರೋ ನಾನು ಹೇಳೋದು ಏನಂದ್ರೆ, ಡಿಗ್ರಿ ಒಂದನ್ನೇ ನೋಡಿ ಮನೆ ಬಿಟ್ರೆ ಪ್ರಯೋಜನ ಇಲ್ಲ, ಗಾಳಿ ಎಷ್ಟಿದೆ, ನೆಲ ಒದ್ದೆ ಇದ್ಯಾ, ಹೊರಗೆ ನಿಂತು ಎಷ್ಟೊತ್ತು ಕಾಯ್ಬೇಕು, ಈ ಮೂರನ್ನೂ ನೋಡ್ಲೇಬೇಕು.

ಮೊದಲು ಗಾಳಿ. ವೆದರ್ ಆಪಲ್ಲಿ ‘ಫೀಲ್ಸ್ ಲೈಕ್’ (ಮೈಗೆ ಎಷ್ಟು ಡಿಗ್ರಿ ಅನ್ಸತ್ತೆ) ಅಂತ ಇನ್ನೊಂದು ನಂಬರ್ ಇರತ್ತಲ್ಲ, ಚಳಿಗಾಲದಲ್ಲಿ ನಾನು ಅದನ್ನೇ ಮೊದಲು ನೋಡೋದು. ಅಮೆರಿಕ ಮತ್ತು ಕೆನಡಾ 2001ರಿಂದ ಬಳಸ್ತಿರೋ ವಿಂಡ್ ಚಿಲ್ (ಗಾಳಿಯಿಂದ ಜಾಸ್ತಿ ಅನ್ಸೋ ಚಳಿ) ಲೆಕ್ಕದ ಪ್ರಕಾರ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸ್ತಿದ್ರೆ ಮುಖಕ್ಕೆ ತಟ್ಟೋ ಚಳಿ ಹತ್ತಿರ ಹತ್ತಿರ ಮೈನಸ್ 20ರದ್ದು. ನಮ್ಮ ಮೈ ತನ್ನ ಸುತ್ತ ಒಂದು ತೆಳು ಬೆಚ್ಚನೆ ಗಾಳಿ ಪದರ ಇಟ್ಕೊಂಡಿರತ್ತೆ, ಬೀಸೋ ಗಾಳಿ ಅದನ್ನ ಹೊಡ್ಕೊಂಡು ಹೋಗ್ತಾನೇ ಇರತ್ತೆ, ಅಷ್ಟೇ ವಿಷಯ. ಸಿಟಿಯಲ್ಲಿ ಇದು ಇನ್ನೂ ಜೋರು, ಯಾಕಂದ್ರೆ ಎತ್ತರದ ಬಿಲ್ಡಿಂಗಿಗೆ ಮೇಲೆ ಬಡಿದ ಗಾಳಿ ಗೋಡೆಗುಂಟ ಕೆಳಗಿಳಿದು ರಸ್ತೆಗೆ ಬರತ್ತೆ, ಮೂಲೆ ತಿರುಗೋ ಕಡೆ ಇನ್ನೂ ವೇಗ ತಗೊಳತ್ತೆ. ನಾನು ದಿನಾ ಬಸ್ಸಿಗೆ ಕಾಯೋ ಸ್ಟಾಪ್ ಎರಡು ಟವರ್ ಮಧ್ಯದ ಮೂಲೇಲಿದೆ, ಅಲ್ಲಿ ನಿಂತ್ರೆ ಕಣ್ಣಲ್ಲಿ ನೀರು ಸುರಿಯತ್ತೆ, ಹತ್ತು ಹೆಜ್ಜೆ ಹಿಂದೆ ಅಂಗಡಿ ಗೋಡೆ ಮರೆಗೆ ಹೋದ್ರೆ ಆರಾಮಾಗಿ ನಿಲ್ಲಬಹುದು. ಹಾಗಾಗಿ ಹೊಸ ಸಿಟಿಗೆ ಬಂದೋರು ಚಳಿ ಶುರು ಆಗೋ ಮುಂಚೇನೇ ನಿಮ್ಮ ದಾರೀಲಿ ಎಲ್ಲೆಲ್ಲಿ ಗಾಳಿ ನುಗ್ಗತ್ತೆ, ಎಲ್ಲಿ ಮರೆ ಸಿಗತ್ತೆ ಅಂತ ನೋಡಿಟ್ಕೊಳ್ಳಿ, ಕೋಟ್ ತಗೊಳ್ಳೋದಕ್ಕಿಂತ ಕಡಿಮೆ ಮುಖ್ಯ ಅಲ್ಲ ಇದು.

ಕೋಟ್ ವಿಷಯಕ್ಕೆ ಬಂದ್ರೆ, ಒಂದೇ ದಪ್ಪ ಕೋಟ್ ನಂಬ್ಕೋಬೇಡಿ. ಮೆಟ್ರೋ, ಆಫೀಸು, ಮಾಲ್ ಎಲ್ಲ ಕಡೆ ಹೀಟಿಂಗ್ ಇರತ್ತೆ, ಒಳಗೆ ಬೆವರ್ತೀರ, ಹೊರಗೆ ಬಂದ ತಕ್ಷಣ ಆ ಬೆವರೇ ಮೈ ಕೊರೆಯತ್ತೆ. ಮೈಗಂಟೋ ಪದರ ಉಣ್ಣೆದು ಅಥವಾ ಪಾಲಿಯೆಸ್ಟರ್ ಥರ್ಮಲ್ ಇರಲಿ, ಕಾಟನ್ ಬೇಡ್ವೇ ಬೇಡ, ಅದು ಬೆವರು ಹೀರ್ಕೊಂಡು ಒದ್ದೆಯಾಗೇ ಇರತ್ತೆ. ಮಧ್ಯೆ ಫ್ಲೀಸ್, ಮೇಲೆ ಗಾಳಿ ತಡೆಯೋ ಜಾಕೆಟ್, ಒಳಗೆ ಹೋದಾಗ ಒಂದೊಂದೇ ತೆಗೀತಾ ಹೋಗಿ.

ಇನ್ನು ಹೊಸಬರು ಯಾರೂ ನಂಬದ ಮಾತು, ಮೈನಸ್ 8ರ ಒಣ ಬಿಸಿಲಿನ ದಿನಕ್ಕಿಂತ ಸೊನ್ನೆ ಆಸುಪಾಸಿನ ದಿನವೇ ಕಷ್ಟ. ಸಿಟಿ ಮಧ್ಯದಲ್ಲಿ ಕಾಂಕ್ರೀಟು, ವಾಹನ, ಹೀಟಿಂಗ್ ಎಲ್ಲ ಸೇರಿ ಹೊರವಲಯಕ್ಕಿಂತ ಸ್ವಲ್ಪ ಬೆಚ್ಚಗಿರತ್ತೆ, ಅದಕ್ಕೇ ಅಲ್ಲಿ ಬೆಳ್ಳಗೆ ಬಿದ್ದ ಹಿಮ ಎಷ್ಟೋ ಸಲ ಸಂಜೆಯೊಳಗೆ ಕಂದು ಕೆಸರಾಗತ್ತೆ. ಫುಟ್‌ಪಾತ್ ಇಳಿಯೋ ಜಾಗದಲ್ಲಿ ಆ ಕೆಸರು ನಿಂತಿರತ್ತೆ, ಮೇಲಿಂದ ಗಟ್ಟಿ ನೆಲದ ಥರಾನೇ ಕಾಣತ್ತೆ, ಕಾಲಿಟ್ರೆ ಪಾದ ಮುಳುಗತ್ತೆ. ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟಿದ್ರೆ ಬ್ಲ್ಯಾಕ್ ಐಸ್, ಟಾರ್ ಬಣ್ಣಾನೇ ಕಾಣೋದ್ರಿಂದ ಗೊತ್ತೇ ಆಗಲ್ಲ. ಸೇತುವೆ ಮೇಲೆ ಕೆಳಗಿಂದಲೂ ಗಾಳಿ ಆಡೋದ್ರಿಂದ ಅಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟತ್ತೆ. ರಸ್ತೆಗೆ ಉಪ್ಪು ಹಾಕ್ತಾರೆ ನಿಜ, ಉಪ್ಪು ನೀರು ಇನ್ನೂ ಕಡಿಮೆ ಉಷ್ಣತೇಲಿ ಹೆಪ್ಪುಗಟ್ಟತ್ತೆ ಅಂತ, ಆದ್ರೆ ಸುಮಾರು ಮೈನಸ್ 10 ದಾಟಿದ್ರೆ ಸಾಮಾನ್ಯ ಉಪ್ಪಿನ ಕೆಲಸ ತುಂಬಾ ನಿಧಾನ, ಉಪ್ಪು ಹಾಕಿದಾರೆ ಅಂತ ಧೈರ್ಯ ಮಾಡ್ಬೇಡಿ. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿಂದ ಹೊರಗೆ, ಬಾತುಕೋಳಿ ಥರ ನಡೀರಿ. ಬೂಟ್ ವಾಟರ್‌ಪ್ರೂಫ್ ಇರ್ಲೇಬೇಕು, ಬೆಚ್ಚಗಿನ ಸಾಕ್ಸ್ ಹಿಡಿಸೋವಷ್ಟು ಜಾಗಾನೂ ಇರಬೇಕು, ಬಿಗಿಯಾದ್ರೆ ರಕ್ತ ಓಡಾಟ ಕಡಿಮೆಯಾಗಿ ಬೆರಳು ಇನ್ನೂ ತಣ್ಣಗಾಗತ್ತೆ. ಮನೆಗೆ ಬಂದ ತಕ್ಷಣ ಬೂಟಿನ ಮೇಲಿನ ಬಿಳಿ ಉಪ್ಪಿನ ಗೆರೆ ಒದ್ದೆ ಬಟ್ಟೇಲಿ ಒರೆಸಿ, ಬಿಟ್ರೆ ಚರ್ಮ ಬಿರುಕು ಬಿಡತ್ತೆ.

ಮನೆ ಒಳಗಿನ ಚಳಿಗಾಲಾನೂ ಒಂದಿದೆ, ಅದನ್ನ ಯಾರೂ ಹೇಳಲ್ಲ. ಹೊರಗಿನ ಮೈನಸ್ 10ರ ಗಾಳೀಲಿ ತೇವಾಂಶ ತೀರಾ ಕಡಿಮೆ, ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ (ಆ ಉಷ್ಣತೇಲಿ ಗಾಳಿ ಹಿಡಿಯಬಹುದಾದ ತೇವದಲ್ಲಿ ನಿಜಕ್ಕೂ ಇರೋ ಪಾಲು) ಶೇ. 15ಕ್ಕಿಂತಲೂ ಕೆಳಗೆ ಹೋಗಬಹುದು. ತುಟಿ ಒಡೆಯೋದು, ಬೆಳಿಗ್ಗೆ ಮೂಗಲ್ಲಿ ರಕ್ತ, ಬಾಗಿಲ ಹಿಡಿ ಮುಟ್ಟಿದ್ರೆ ಚಟ್ ಅಂತ ಶಾಕ್, ಎಲ್ಲ ಇದರಿಂದಾನೇ. ನಾನು ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸೋ ಯಂತ್ರ) ಇಟ್ಟು ಶೇ. 35ರ ಆಸುಪಾಸು ನಿಲ್ಲಿಸ್ತೀನಿ, ಅದಕ್ಕಿಂತ ಜಾಸ್ತಿಯಾಗಿ ಕಿಟಕಿ ಗಾಜಲ್ಲಿ ನೀರು ಇಳಿಯೋಕೆ ಶುರುವಾದ್ರೆ ಕಡಿಮೆ ಮಾಡ್ತೀನಿ, ಇಲ್ಲಾಂದ್ರೆ ಕಿಟಕಿ ಚೌಕಟ್ಟಿಗೆ ಬೂಸ್ಟು ಹಿಡಿಯತ್ತೆ. ಸ್ನಾನ ಆದ ತಕ್ಷಣ, ಚರ್ಮ ಇನ್ನೂ ಒದ್ದೆ ಇರೋವಾಗ್ಲೇ ಕ್ರೀಮ್ ಹಚ್ಚಿ. ಇನ್ನೊಂದು, ದಯವಿಟ್ಟು ಕೇಳಿ, ಎಷ್ಟೇ ಚಳಿ ಇದ್ರೂ ಮುಚ್ಚಿದ ರೂಮಲ್ಲಿ ಇದ್ದಿಲು ಉರಿಸೋದು, ಗ್ಯಾಸ್ ಸ್ಟವ್ ಹಚ್ಚಿ ಮೈ ಕಾಯಿಸ್ಕೊಳ್ಳೋದು ಮಾಡ್ಬೇಡಿ. ಅದರಿಂದ ಬರೋ ವಿಷದ ಗಾಳಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೇಲೇ ಪ್ರಾಣ ಹೋಗತ್ತೆ. ಬಾಡಿಗೆ ಮನೆ ನೋಡೋವಾಗ ಅದನ್ನ ಪತ್ತೆ ಹಚ್ಚಿ ಎಚ್ಚರಿಸೋ ಡಿಟೆಕ್ಟರ್ ಇದ್ಯಾ ಅಂತ ಕೇಳಿ, ಇಲ್ಲಾಂದ್ರೆ ನೀವೇ ತಂದು ಹಾಕಿ.

ಕ್ಯಾಲೆಂಡರ್ ವಿಷಯಾನೂ ತಿಳ್ಕೊಳ್ಳಿ. ಉತ್ತರಾರ್ಧ ಗೋಳದಲ್ಲಿ ಹಗಲು ಅತಿ ಚಿಕ್ಕದಾಗೋದು ಡಿಸೆಂಬರ್ 21ರ ಸುಮಾರಿಗೆ, ಆದ್ರೆ ನೆಲ, ನೀರು ನಿಧಾನಕ್ಕೆ ತಣ್ಣಗಾಗೋದ್ರಿಂದ ಕಡು ಚಳಿ ಸಾಮಾನ್ಯವಾಗಿ ಜನವರಿ, ಫೆಬ್ರವರೀಲಿ. ಡಿಸೆಂಬರ್ ಕಳೀತು ಅಂತ ಥರ್ಮಲ್ ಒಳಗಿಡ್ಬೇಡಿ. 50 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಬರೀ 8 ಗಂಟೆ, ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ವಾಪಸ್ ಬರೋದು. ನನಗೆ ಚಳಿಗಿಂತ ಜಾಸ್ತಿ ಕಾಡಿದ್ದು ಇದೇ, ಬೆಳಿಗ್ಗೆ ಏಳೋಕೆ ಮನಸ್ಸಾಗಲ್ಲ, ಯಾರ ಹತ್ರಾನೂ ಮಾತು ಬೇಡ ಅನ್ಸತ್ತೆ. ಇದು ಸೋಮಾರಿತನ ಅಲ್ಲ, 1984ರಿಂದ ವೈದ್ಯರು ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ (ವರ್ಷದ ಒಂದು ಕಾಲದಲ್ಲಿ ಬರೋ ಖಿನ್ನತೆ) ಅಂತ ಗುರುತಿಸಿರೋ ತೊಂದರೆ ಕೆಲವರಿಗೆ ಹೀಗೇ ಶುರುವಾಗತ್ತೆ. ಮಧ್ಯಾಹ್ನ ಊಟದ ಬ್ರೇಕಲ್ಲಿ ಮೋಡ ಇದ್ರೂ ಹೊರಗೆ ನಡ್ಕೊಂಡು ಬರೋದು ನನಗೆ ತುಂಬಾ ಸಹಾಯ ಮಾಡಿದೆ, ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಲೈಟ್ ಮುಂದೆ ಕೂರೋ ಚಿಕಿತ್ಸೆಯೂ ಇದೆ, ಕಣ್ಣಿನ ತೊಂದರೆ ಇರೋರು ಡಾಕ್ಟರನ್ನ ಕೇಳಿ ಶುರು ಮಾಡಿ. ವಾರಗಟ್ಟಲೆ ಮನಸ್ಸು ಏಳ್ತಾನೇ ಇಲ್ಲ ಅಂದ್ರೆ ಮಾರ್ಚ್ ಬರ್ಲಿ ಅಂತ ಕಾಯದೆ ಡಾಕ್ಟರ್ ಹತ್ರ ಹೋಗಿ.