ಸ್ವೈಪ್ ಮಷಿನ್ನಿನ ಚೀಟಿ ಓದೋದು: ಗೋಕರ್ಣದ ಒಂದು ಕೌಂಟರಿನಿಂದ

ಗೋಕರ್ಣದ ರಥಬೀದಿಯ ಹತ್ತಿರ ನಮ್ಮದೊಂದು ಸಣ್ಣ ಲಾಡ್ಜ್, ಕೆಳಗೆ ಊಟದ ಹೋಟೆಲು. ಯುಪಿಐ ಬಂದ ಮೇಲೆ ಚಹಾ-ತಿಂಡಿಗೆ ಕಾರ್ಡ್ ಕೊಡುವವರು ಕಡಿಮೆ. ಆದರೆ ರೂಮಿನ ದೊಡ್ಡ ಬಿಲ್ಲಿನವರು, ವಿದೇಶಿ ಗಿರಾಕಿಗಳು ಇವತ್ತಿಗೂ ಮಷಿನ್ನನ್ನೇ ಕೇಳುತ್ತಾರೆ. ಕೌಂಟರಿಗೆ ಹೊಸ ಮಾಣಿ ಬಂದರೆ ಗುಂಡಿ ಒತ್ತುವುದು ತಾನೇ ಕಲಿಯುತ್ತಾನೆ. ಚೀಟಿ ಓದುವುದನ್ನು ಮಾತ್ರ ನಾನು ಕೂರಿಸಿ ಕಲಿಸುತ್ತೇನೆ. ದುಡ್ಡು ಈಗ ಎಲ್ಲಿದೆ ಅನ್ನುವುದು ಅದರಲ್ಲೇ ಇರುತ್ತದೆ.

ಪಿನ್ ಒತ್ತಿದ ಕೂಡಲೇ ದುಡ್ಡು ನಮ್ಮ ಖಾತೆಗೆ ಬಂತು ಅಂತ ಬಹಳ ಜನ ತಿಳಿದಿದ್ದಾರೆ. ಆಗ ಸಿಗುವುದು ಬರೀ ಒಪ್ಪಿಗೆ. ನಮಗೆ ಮಷಿನ್ ಕೊಟ್ಟ ಬ್ಯಾಂಕು ಅಕ್ವೈರರ್. ಗಿರಾಕಿಗೆ ಕಾರ್ಡ್ ಕೊಟ್ಟದ್ದು ಇಶ್ಯೂಯರ್. ನಡುವೆ ರುಪೇ, ವೀಸಾ, ಮಾಸ್ಟರ್‌ಕಾರ್ಡ್. ನಮ್ಮ ಬ್ಯಾಂಕು ಇವರ ಮೂಲಕ ಕೇಳುತ್ತದೆ, ಅವರ ಬ್ಯಾಂಕು ಹೂಂ ಅಂದರೆ ಆರು ಅಕ್ಷರದ ಅಪ್ರೂವಲ್ ಕೋಡ್ ಚೀಟಿಯಲ್ಲಿ ಬೀಳುತ್ತದೆ. ದುಡ್ಡು ಬರುವುದು ಸೆಟಲ್‌ಮೆಂಟ್ ಆದ ಮೇಲೆ. ದಿನದ ವ್ಯವಹಾರವೆಲ್ಲ ಸೇರಿ ಒಂದು ಬ್ಯಾಚ್. ಅದನ್ನು ಮುಚ್ಚುವುದೇ ಸೆಟಲ್‌ಮೆಂಟ್. ಬ್ಯಾಚ್ ಮುಚ್ಚಿದರೆ ಸಾಮಾನ್ಯವಾಗಿ ಮರುದಿನ ಜಮಾ. ಅದೂ ಎಂಡಿಆರ್ ಅನ್ನುವ ಬ್ಯಾಂಕಿನ ಶುಲ್ಕ ಕಳೆದು. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಆ ಶುಲ್ಕ ಇಲ್ಲ. ಉಳಿದವುಗಳಲ್ಲಿ ಶುಲ್ಕ ಕಳೆಯುವುದರಿಂದ ಚೀಟಿಯ ಮೊತ್ತಕ್ಕೂ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಗಾಬರಿ ಬೀಳಬೇಕಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೇ ಹೋಗುವುದುಂಟು. ಆಟೋ ಸೆಟಲ್‌ಮೆಂಟ್ ಹೊತ್ತಿಗೆ ಮಷಿನ್ ಸತ್ತಿದ್ದರೆ ಬ್ಯಾಚ್ ತೆರೆದೇ ಉಳಿಯುತ್ತದೆ, ದುಡ್ಡೂ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಜೂನ್ ಬಂತೆಂದರೆ ನಾನು ಕೈಯಾರೆ ಸೆಟಲ್ ಮಾಡಿ, ಆ ಚೀಟಿ ಕೈಗೆ ಬಂದ ಮೇಲೇ ಬಾಗಿಲು ಹಾಕುತ್ತೇನೆ.

ವಾಯ್ಡ್ ಮಾಡಬೇಕೋ ರಿಫಂಡ್ ಮಾಡಬೇಕೋ ಅನ್ನುವುದೂ ಬ್ಯಾಚಿನ ಮೇಲೇ ನಿಂತಿದೆ. ಬೆಳಿಗ್ಗೆ ಎರಡು ರೂಮಿಗೆ ದುಡ್ಡು ಕೊಟ್ಟವರು ಮನೆಯಿಂದ ಫೋನ್ ಬಂತೆಂದು ಸಂಜೆಯೇ ಹೊರಟರು ಅನ್ನಿ. ಬ್ಯಾಚ್ ಇನ್ನೂ ಮುಚ್ಚಿಲ್ಲ, ಹಾಗಾಗಿ ವಾಯ್ಡ್. ಚೀಟಿಯ ಇನ್‌ವಾಯ್ಸ್ ನಂಬರ್ ಹಾಕಿದರೆ ಆ ವ್ಯವಹಾರವೇ ರದ್ದು. ಮುಚ್ಚಿದ್ದರೆ ರಿಫಂಡೇ ಗತಿ. ಅದು ಹೊಸ ವ್ಯವಹಾರ, ಗಿರಾಕಿಯ ಖಾತೆ ಮುಟ್ಟಲು ಕೆಲವು ದಿನ ಹಿಡಿಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಜಗಳವೇ ಇರುವುದಿಲ್ಲ.

ಜಗಳ ಜಾಸ್ತಿ ಆಗುವುದು ಶಿವರಾತ್ರಿಯ ಹೊತ್ತಿಗೆ. ರಥೋತ್ಸವಕ್ಕೆ ಊರು ತುಂಬಿದಾಗ ಮೊಬೈಲ್ ಸಿಗ್ನಲ್ ತೆವಳುತ್ತದೆ. ಮಷಿನ್ನಿನ ಸಿಮ್ಮೂ ಅದೇ ಟವರಿನದು. ಹುಬ್ಬಳ್ಳಿ ಕಡೆಯವರೊಬ್ಬರು ಪಿನ್ ಹಾಕಿದರು, ಮಷಿನ್ ಸುಮ್ನೆ ತಿರುಗಿ ಟೈಮ್‌ಔಟ್ ಅಂತು. ಅಷ್ಟರಲ್ಲಿ ಅವರ ಫೋನಿಗೆ ಮೆಸೇಜು.

“ಅಣ್ಣಾರ, ನನ್ನ ರೊಕ್ಕ ಕಟ್ ಆಗೇತಿ ನೋಡ್ರಿ!”

“ಒಂದು ನಿಮಿಷ ಸರ್, ಇಬ್ಬರೂ ಸೇರಿ ನೋಡುವಾ.”

ಅವರ ಎದುರಿಗೇ ಮಷಿನ್ನಿನ ರಿಪೋರ್ಟ್ ತೆಗೆದೆ. ಆ ಮೊತ್ತ ಅದರಲ್ಲಿ ಇಲ್ಲ, ಅಪ್ರೂವಲ್ ಕೋಡೂ ಇಲ್ಲ. ಅಂದರೆ ಅವರ ಬ್ಯಾಂಕು ಹೂಂ ಅಂದಿದೆ, ಆ ಉತ್ತರ ನಮ್ಮಲ್ಲಿಗೆ ತಲುಪಿಲ್ಲ. ಉತ್ತರ ಸಿಗದ ಮಷಿನ್ ಲೈನ್ ಸಿಕ್ಕಾಗ ರಿವರ್ಸಲ್ ಕಳಿಸುತ್ತದೆ, ಆ ವ್ಯವಹಾರ ಬಿಟ್ಟುಬಿಡಿ ಅಂತ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶದ ಪ್ರಕಾರ, ಹೀಗೆ ಖಾತೆಯಿಂದ ಹೋಗಿ ಚೀಟಿ ಬಾರದ ದುಡ್ಡು ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಹೇಳಿ, ತಾರೀಖು, ಹೊತ್ತು, ಮೊತ್ತ, ಕಾರ್ಡಿನ ಕೊನೆಯ 4 ಅಂಕಿ, ನಮ್ಮ ಮಷಿನ್ನಿನ ಟಿಐಡಿ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟೆ. ಟಿಐಡಿ ಅಂದರೆ ಆ ಒಂದು ಮಷಿನ್ನಿನ ಗುರುತು, ಎಂಐಡಿ ಅಂದರೆ ನಮ್ಮ ಅಂಗಡಿಯದು. ಕಾಗದ ಕೈಗೆ ಬಂದ ಮೇಲೆ ಅವರ ದನಿ ತಗ್ಗಿತು. ಬಿಲ್ಲನ್ನು ಬೇರೆ ಕಾರ್ಡಿನಲ್ಲಿ ಕೊಟ್ಟರು.

ಚೀಟಿ ಬಂದಿದ್ದರೆ ಎಲ್ಲಕ್ಕಿಂತ ಮುಖ್ಯ ಆರ್‌ಆರ್‌ಎನ್. 12 ಅಂಕಿ. ಎರಡು ಬ್ಯಾಂಕಿನವರೂ ಒಂದು ವ್ಯವಹಾರವನ್ನು ಹುಡುಕುವುದು ಇದರಿಂದಲೇ. ನಮ್ಮ ಚೀಟಿಗಳಲ್ಲಿ ಇದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನುವುದು. 5045 ಅಂತ ಶುರುವಾದರೆ 2025ರ 45ನೇ ದಿನ, ಅಂದರೆ ಫೆಬ್ರವರಿ 14. ಹಳೇ ಚೀಟಿಯ ತಾರೀಖು ಮಾಸಿದ್ದರೂ ಹೀಗೆ ದಿನ ಹಿಡಿಯಬಹುದು.

ಕಾರ್ಡ್ ತಿರಸ್ಕಾರವಾದಾಗ ಬರುವ ಕೋಡನ್ನು ಮಾಣಿಗಳು ಗಟ್ಟಿಯಾಗಿ ಓದಬಾರದು ಅಂತ ನನ್ನ ಕಟ್ಟುನಿಟ್ಟು. 51 ಅಂದರೆ ಖಾತೆಯಲ್ಲಿ ಸಾಕಷ್ಟು ದುಡ್ಡಿಲ್ಲ. ಹೆಂಡತಿ ಮಕ್ಕಳ ಎದುರು ಅದನ್ನು ಕೂಗಿ ಹೇಳಬೇಕಾ? “ಬೇರೆ ಕಾರ್ಡ್ ಇದೆಯಾ ಸರ್” ಅಂದರೆ ಸಾಕು. 55 ತಪ್ಪು ಪಿನ್, 75 ಬಂದರೆ ಪಿನ್ ಪ್ರಯತ್ನ ಮುಗಿಯಿತು, ಮತ್ತೆ ಒತ್ತಿಸಬಾರದು. 54 ಅವಧಿ ಮುಗಿದ ಕಾರ್ಡ್. 91 ಬಂದರೆ ಅವರ ಬ್ಯಾಂಕೇ ಸಿಗುತ್ತಿಲ್ಲ, ಸ್ವಲ್ಪ ತಡೆದು ನೋಡಬಹುದು. 05ಕ್ಕೆ ಕಾರಣ ಅವರ ಬ್ಯಾಂಕಿಗೇ ಗೊತ್ತು.

ಟ್ಯಾಪ್ ಮಾಡಿದರೆ 5000 ರೂಪಾಯಿವರೆಗೆ ಪಿನ್ ಬೇಡ. ಟ್ಯಾಪೇ ಆಗದಿದ್ದರೆ ಕಾರ್ಡ್ ಕೆಟ್ಟಿದೆ ಅಂತಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಆ ಸೌಲಭ್ಯವನ್ನು ಗಿರಾಕಿಯೇ ಆನ್ ಮಾಡಿಕೊಳ್ಳಬೇಕು. ಚಿಪ್ ಹಾಕಿದರೆ ನಡೆಯುತ್ತದೆ.

ಚಳಿಗಾಲದಲ್ಲಿ ವಿದೇಶಿಯರು ಬಂದಾಗ ಎರಡು ವಿಷಯ ನೋಡಿಕೊಳ್ಳಬೇಕು. ಅವರ ಕೆಲವು ಕಾರ್ಡುಗಳು ಪಿನ್ ಕೇಳದೆ ಸಹಿ ಕೇಳುತ್ತವೆ. ಮತ್ತೆ ಮಷಿನ್ ‘ರೂಪಾಯಿಯೋ, ನಿಮ್ಮ ದೇಶದ ಹಣವೋ’ ಅಂತ ಕೇಳಿದರೆ ಅದು ಡಿಸಿಸಿ. ಅವರ ಹಣ ಆರಿಸಿದರೆ ಮಷಿನ್ ಕಡೆಯವರು ಹಾಕಿದ ದರವೇ ಬೀಳುತ್ತದೆ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಆ ಗುಂಡಿಯನ್ನು ಗಿರಾಕಿಯ ಕೈಯಲ್ಲೇ ಒತ್ತಿಸುತ್ತೇವೆ. ರೂಮಿಗೆ ಮುಂಗಡ ಹಿಡಿಯುವಾಗ ಪ್ರಿ-ಆಥ್ ಮಾಡಿದರೆ ಆ ಮೊತ್ತ ಬರೀ ತಡೆಹಿಡಿದಿರುತ್ತದೆ. ಹೊರಡುವಾಗ ಕಂಪ್ಲೀಶನ್ ಮಾಡಿದರಷ್ಟೇ ನಮಗೆ ಬರುತ್ತದೆ.

ತಿಂಗಳು ಕಳೆದ ಮೇಲೂ ‘ಈ ವ್ಯವಹಾರ ನನ್ನದಲ್ಲ’ ಅಂತ ಗಿರಾಕಿ ತಕರಾರು ಎತ್ತಬಹುದು. ಅದು ಚಾರ್ಜ್‌ಬ್ಯಾಕ್. ಬ್ಯಾಂಕು ಕೊಟ್ಟ ಗಡುವಿನೊಳಗೆ ಚೀಟಿ ತೋರಿಸದಿದ್ದರೆ ದುಡ್ಡು ನಮ್ಮ ಖಾತೆಯಿಂದ ವಾಪಸ್ ಹೋಗುತ್ತದೆ. ಚೀಟಿಯೋ ಥರ್ಮಲ್ ಕಾಗದ, ಬಿಸಿಲು, ಬಿಸಿ, ಎಣ್ಣೆ ಕೈ ತಾಗಿದರೆ ಅಕ್ಷರ ಮಾಯ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ನಾವು ರಾತ್ರಿ ಸೆಟಲ್ ಆದ ಮೇಲೆ ಮರ್ಚೆಂಟ್ ಕಾಪಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಫೋಟೋ ತೆಗೆಯುತ್ತೇವೆ, ಆಮೇಲೆ ಕಾಗದದ ಲಕೋಟೆಗೆ ಹಾಕುತ್ತೇವೆ. ಸಹಿ ಇರುವ ಚೀಟಿಗಳಿಗೆ ಬೇರೆ ಲಕೋಟೆ, ಮೇಲೆ ರೂಮ್ ನಂಬರ್ ಬರೆದು.