ಗೋಡೆಗೆ ಹೊಡೆದ ಮೊಳೆಗಳ ಲೆಕ್ಕ

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಂಗೇರಿ ಆಚೆಯ ನಮ್ಮ ಫ್ಲ್ಯಾಟಿನ ಕೀಲಿ ಕೈಗೆ ಬಂದಾಗ ಬ್ಯಾಂಕಿನಲ್ಲಿ ಉಳಿದಿದ್ದು 90,000 ರೂಪಾಯಿ. ಮನೆಯ ಬೆಲೆ 38 ಲಕ್ಷ, ಸಾಲ 30 ಲಕ್ಷ. ಬಾಕಿ 8 ಲಕ್ಷವನ್ನು ನಾನೂ ಇವರೂ ಆರು ವರ್ಷ ಹಿಡಿದು ಕೂಡಿಹಾಕಿದ್ದೆವು. ರಿಜಿಸ್ಟ್ರೇಷನ್ ಖರ್ಚು ಸಾಲದಲ್ಲಿ ಬರುವುದಿಲ್ಲ ಅನ್ನುವುದೇನೋ ಗೊತ್ತಿತ್ತು. ಆದರೆ ಶೇ 3ರ ಮುದ್ರಾಂಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, ಆಗ ಶೇ 1 ಇದ್ದ ನೋಂದಣಿ ಶುಲ್ಕ ಎಲ್ಲ ಸೇರಿ 1.65 ಲಕ್ಷ ಆಗುತ್ತದೆಂದು ಕೂಡಿ ನೋಡಿದ್ದು ಕೊನೇ ವಾರ. ಸೋಫಾಕ್ಕೆಂದು ಎತ್ತಿಟ್ಟಿದ್ದ ದುಡ್ಡು ಅಲ್ಲೇ ಮುಗಿಯಿತು.

ಆದರೂ 90,000ದಲ್ಲಿ ಮಂಚ, ಹಾಸಿಗೆ, ಫ್ರಿಜ್ಜು, ಒಂದು ಬೀರು ಬಂದೇ ಬರುತ್ತವೆ, ಸ್ವಲ್ಪ ಮಿಕ್ಕುತ್ತದೆ ಕೂಡ ಎಂದುಕೊಂಡಿದ್ದೆ. ಹಾಲುಕ್ಕಿಸುವ ಹಿಂದಿನ ದಿನ ಹಾವೇರಿಯಿಂದ ಅವ್ವ ಬಂದಳು. ಎರಡೂ ರೂಮು, ಅಡುಗೆಮನೆ, ಬಚ್ಚಲು ಎಲ್ಲ ಸುತ್ತಿ ಬಂದು, "ಎಲ್ಲಾ ಛಲೋ ಐತಿ. ಅರಿವಿ ಎಲ್ಲಿ ಒಣಗ್ಸತಿ?" ಅಂದಳು.

ಒಣಗಿಸಲು ಹಗ್ಗ ಇರಲಿಲ್ಲ. ಹಗ್ಗ ಕಟ್ಟಲು ಕೊಂಡಿಯೂ ಇರಲಿಲ್ಲ. ಆಮೇಲೆ ಒಂದೊಂದಾಗಿ ಕಣ್ಣಿಗೆ ಬಿತ್ತು: ಫ್ಯಾನ್ ಇಲ್ಲ, ಅದರ ಕೊಕ್ಕೆ ಮಾತ್ರ ಇದೆ. ಬಲ್ಬಿನ ಜಾಗದಲ್ಲಿ ಎರಡು ತಂತಿ ನೇತಾಡುತ್ತಿವೆ. ಗೀಸರ್ ಇಲ್ಲ, ಬಚ್ಚಲಲ್ಲಿ ಟವೆಲ್ ಹಾಕಲು ಮೊಳೆ ಇಲ್ಲ, ಕನ್ನಡಿ ಇಲ್ಲ, ಕಿಟಕಿಗೆ ಸೊಳ್ಳೆ ಜಾಲರಿ ಇಲ್ಲ, ಪರದೆಯ ರಾಡ್ ಇಲ್ಲ. ಒಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದ ನಮಗೆ ಇವೆಲ್ಲ ಗೋಡೆಯ ಜೊತೆಗೇ ಹುಟ್ಟಿ ಬರುತ್ತವೆ ಎಂಬ ಭಾವನೆ ಇತ್ತೋ ಏನೋ. ನನ್ನ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಆ ರಾತ್ರಿ ಪಟ್ಟಿ ಹರಿದು ಹೊಸದು ಬರೆದೆ. ಗೋಡೆಗೆ, ಸೂರಿಗೆ ಅಂಟುವ ಸಾಮಾನು ಮೊದಲು, ನೆಲದ ಮೇಲೆ ಕೂರುವ ಸಾಮಾನು ಆಮೇಲೆ. ಮಂಚ ಇಲ್ಲದಿದ್ದರೆ ಚಾಪೆಯ ಮೇಲೆ ಮಲಗಬಹುದು, ಜಾಲರಿ ಇಲ್ಲದೆ ಕೆಂಗೇರಿಯ ಕೆರೆ ಬದಿಯಲ್ಲಿ ಮಲಗಲಾಗದು.

ಫ್ಯಾನ್ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಮಾಮೂಲಿ ಫ್ಯಾನ್ 1,400ಕ್ಕೆ ಸಿಗುವಾಗ ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನಿಗೆ 2,700 ಯಾಕೆ ಎಂಬುದು ಇವರ ವಾದ. ನಾನು ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿಯ ಲೆಕ್ಕ ಇಟ್ಟೆ. ಹಳೇ ಮನೆಗಳಿಗೆ 2022-23ರ ಬಳಕೆಯ ಸರಾಸರಿ ನೋಡುತ್ತಿದ್ದರು. ಹೊಸ ಮನೆಗೆ ಅಂಥ ಸರಾಸರಿಯೇ ಇಲ್ಲವಲ್ಲ, ಹಾಗಾಗಿ ಆಗಿನ ನಿಯಮದಂತೆ 53 ಯೂನಿಟ್, ಅದರ ಮೇಲೆ ಶೇ 10, ಒಟ್ಟು 58 ಯೂನಿಟ್ ಮಾತ್ರ ಪುಕ್ಕಟೆ. 75 ವಾಟಿನ ಮೂರು ಫ್ಯಾನ್ ಬೇಸಿಗೆಯಲ್ಲಿ ದಿನಕ್ಕೆ ಎಂಟು ತಾಸು ತಿರುಗಿದರೆ ತಿಂಗಳಿಗೆ 54 ಯೂನಿಟ್ ಅವೇ ತಿಂದುಬಿಡುತ್ತವೆ. 28 ವಾಟಿನವು 20 ಯೂನಿಟ್‌ನಲ್ಲಿ ಮುಗಿಸುತ್ತವೆ. ಇವರು ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿ ನೋಡಿ ಸುಮ್ಮನಾದರು. ಗೀಸರೂ ಹೀಗೇ. 10 ಲೀಟರಿನದು ಒಂದು ಸಲ ಕಾಯಲು ಸುಮಾರು 0.4 ಯೂನಿಟ್ ಎಳೆಯುತ್ತದೆ, ಇಬ್ಬರ ಸ್ನಾನಕ್ಕೆ ತಿಂಗಳಿಗೆ 24. ಇಬ್ಬರಿಗೆ, ಬಕೆಟ್ ಸ್ನಾನಕ್ಕೆ ಅದು ಧಾರಾಳ. 25 ಲೀಟರಿನದನ್ನು ಕೊಳ್ಳಿ ಎಂದು ಅಂಗಡಿಯವರು ಎಷ್ಟೇ ಹೇಳಿದರೂ ಅಲುಗಾಡಲಿಲ್ಲ. ಗ್ಯಾಸ್ ಗೀಸರ್ ಅಗ್ಗ, ಆದರೆ ನಮ್ಮ ಬಚ್ಚಲಿನ ಕಿಟಕಿ ಅಂಗೈಯಗಲ. ಅಂಥ ಕಡೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ. ಬೇಡವೆಂದು ಬಿಟ್ಟೆವು.

ಬಲ್ಬು, ವೈರು, ಸ್ವಿಚ್ಚುಗಳಿಗೆ ಬಿವಿಕೆ ಅಯ್ಯಂಗಾರ್ ರಸ್ತೆ. ಮೆಟ್ರೊದಲ್ಲಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದು ಹೋಗುವಷ್ಟೇ ದೂರ. ಒಂದು ಅಂಗಡಿಯಲ್ಲಿ ಬೆಲೆ ಬರೆಸಿಕೊಂಡು ಮೂರನೆಯದರಲ್ಲಿ ಕೊಂಡರೆ ಹದಿನಾಲ್ಕು ಬಲ್ಬಿಗೆ ಊಟದ ಖರ್ಚು ಉಳಿಯುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಮೂರು ಸಲ ಕರೆಸಲಿಲ್ಲ. ಎಲ್ಲಿ ತೂತು ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಕತ್ತರಿ ಗುರುತು ಹಾಕಿ, ಒಂದೇ ಭಾನುವಾರ ಡ್ರಿಲ್ಲಿಂಗ್ ಮುಗಿಸಿದೆವು. ತೂತಿಗಿಷ್ಟು ಎಂದು ಮಾತಾಡಿದರೆ ದುಬಾರಿ, ದಿನಗೂಲಿ ಮಾತಾಡಿ. ಜಾಲರಿ, ರಾಡು, ಎಕ್ಸಾಸ್ಟು, ಬಟ್ಟೆ ಒಣಗಿಸಲು ಸೂರಿನಿಂದ ಇಳಿಬಿಡುವ ರಾಟೆಯ ಸ್ಟ್ಯಾಂಡು, ಕೂಲಿ ಎಲ್ಲ ಸೇರಿ ಗೋಡೆಗೇ 34,600 ಹೋಯಿತು. ಅಂದರೆ ಕೂರಲು ಒಂದು ಕುರ್ಚಿ ಬರುವ ಮೊದಲೇ ಮೂರನೇ ಒಂದಕ್ಕಿಂತ ಹೆಚ್ಚು ದುಡ್ಡು ಖಾಲಿ.

ಮಂಚದ ಕಥೆ ನನ್ನ ಅವಿವೇಕದ್ದು. ವಿಜಯನಗರದಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯ ದಂಪತಿಯ ಬಳಿ ಹಳೇ ತೇಗದ ಮಂಚವಿತ್ತು, 7,000ಕ್ಕೆ. ಹಳೇ ಮರದ ಸಾಮಾನು ನೋಡುವ ಕ್ರಮ ನನಗೆ ಅಪ್ಪನಿಂದ ಗೊತ್ತು. ಮೇಲಿನ ಪಾಲಿಶ್ ನೋಡಬಾರದು, ಮಗುಚಿ ಹಾಕಿ ಅಡಿಭಾಗ ನೋಡಬೇಕು. ಸೂಜಿಮೊನೆಯಂಥ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಹುಳು ಇನ್ನೂ ಒಳಗೇ ಇದೆ ಅಂತ ಅರ್ಥ. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು ಬರಬಾರದು. ಸಂದುಗಳಲ್ಲಿ ಕರಿ ಚುಕ್ಕೆ ಇದ್ದರೆ ತಿಗಣೆ. ಇಷ್ಟೆಲ್ಲ ಪರೀಕ್ಷೆ ಮಾಡಿದ ಜಾಣೆ ಟೇಪು ಮಾತ್ರ ಹಿಡಿಯಲಿಲ್ಲ! ಮನೆಗೆ ತಂದ ಮೇಲೆ ಅಳೆದರೆ 73 ಇಂಚು ಉದ್ದ, 54 ಇಂಚು ಅಗಲ. ಅಂಗಡಿಯಲ್ಲಿ ಸಿದ್ಧ ಸಿಗುವ ಯಾವ ಹಾಸಿಗೆಯೂ ಕೂರುವುದಿಲ್ಲ. ಲಿಫ್ಟಿಗೂ ಹಿಡಿಸಲಿಲ್ಲ, ಬೋಲ್ಟು ಬಿಚ್ಚಿ ನಾಲ್ಕು ಮಹಡಿ ಮೆಟ್ಟಿಲಲ್ಲೇ ಹೊತ್ತರು. ಗೂಡ್ಸ್ ಆಟೊಗೆ 1,200, ಒಂದು ಹಲಗೆ ಬದಲಿಸಿ ಕಾಲು ಬಿಗಿ ಮಾಡಿದ ಕಾರ್ಪೆಂಟರ್‌ಗೆ 1,800. ಹಾಸಿಗೆಯನ್ನು ಅಳತೆ ಕೊಟ್ಟು ಹೊಸದಾಗಿ ಹೊಲಿಸಿದೆವು, ತೆಂಗಿನ ನಾರಿನ ಮೇಲೆ ಫೋಮ್ ಹಾಕಿದ್ದು, 9,500. ಹಳೇ ಹಾಸಿಗೆಯನ್ನು ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಬೀರು ಹಳೆಯದೇ, 6,500. ಬೀಗ ಎರಡು ಸಲ ತಿರುಗಿಸಿ, ತಳದ ತಗಡನ್ನು ಒತ್ತಿ ನೋಡಿ ತಂದದ್ದು. ನೆಲ ಒರೆಸಿದ ನೀರು ತಗುಲಿ ತುಕ್ಕು ಮೊದಲು ಅಲ್ಲೇ ಹಿಡಿಯುವುದು. ಫ್ರಿಜ್ಜು ಹೊಸದು, 183 ಲೀಟರಿನ ಒಂಟಿ ಬಾಗಿಲಿನದು.

ಅಡುಗೆಮನೆಗೆ ಮಾಡ್ಯುಲರ್ ಕಿಚನ್ ಎಂದು ಕೇಳಿದ್ದಕ್ಕೆ ಒಬ್ಬರು 1.8 ಲಕ್ಷ ಹೇಳಿದರು. ನಮ್ಮ ಇಡೀ ಬಜೆಟ್ಟಿನ ಎರಡು ಪಟ್ಟು. ನಾವು ಮಾಡಿದ್ದು ಇಷ್ಟೇ: ಗೋಡೆಗೆ ಸ್ಟೀಲಿನ ಪಾತ್ರೆ ಸ್ಟ್ಯಾಂಡು, ಕಟ್ಟೆಯ ಕೆಳಗೆ ಎರಡು ರ‍್ಯಾಕು, ಅದರ ಮುಂದೆ ಸ್ಪ್ರಿಂಗ್ ತಂತಿ ಎಳೆದು ಅತ್ತೆಯ ಹಳೇ ಸೀರೆಯ ಪರದೆ. 3,000ದಲ್ಲಿ ಮುಗಿಯಿತು. ಗಾಳಿ ಆಡುವುದರಿಂದ ಸಿಂಕಿನ ಕೆಳಗೆ ಜಿರಲೆ ಕಡಿಮೆ, ಸೀರೆ ಕೊಳೆಯಾದರೆ ಒಗೆದು ಹಾಕಿದರಾಯಿತು.

ಹಾಲುಕ್ಕಿಸುವ ದಿನ ಬರುವವರಿಗೆ ನಾಚಿಕೆ ಬಿಟ್ಟು ಮೊದಲೇ ಹೇಳಿದ್ದೆ, ಗಡಿಯಾರ ಬೇಡ, ಬುದ್ಧನ ಮುಖ ಬೇಡ ಅಂತ. ತಮ್ಮ ಮಿಕ್ಸಿ ತಂದ, ಆಫೀಸಿನ ಗೆಳತಿಯರು ಸೇರಿ ಕುಕ್ಕರು, ತವಾ ಕೊಟ್ಟರು. ಊರಿನವರು ಮುಯ್ಯಿ ಬರೆಸಿ ಹೋದರು. ಅದು ಒಂದು ದಿನ ತಿರುಗಿಸಬೇಕಾದ ಸಾಲ, ಹಾಗಾಗಿ ಅದನ್ನು ಬಜೆಟ್ಟಿಗೆ ಸೇರಿಸಲಿಲ್ಲ. ಆದರೂ ಮೂರು ಗಡಿಯಾರ ಬಂದವು.

ಪರದೆ ಚಿಕ್ಕಪೇಟೆಯ ಕಾಟನ್, ಹೊಲಿಗೆ ಸೇರಿ 4,200. ಬಟ್ಟೆ ನೆನೆಸದೆ ಹೊಲಿಯಲು ಕೊಟ್ಟೆ. ಮೊದಲ ಒಗೆತಕ್ಕೇ ಗೇಣುದ್ದ ಮೇಲೇರಿ ನಿಂತಿವೆ, ಇನ್ನೂ ಹಾಗೇ ಇವೆ.

ಹಾಲ್‌ನಲ್ಲಿ ಸೋಫಾ ಇಲ್ಲ. ಹುಬ್ಬಳ್ಳಿ ದುರ್ಗದಬೈಲಿನಿಂದ ತಂದ ಜಮಖಾನೆ, ಅದರ ಮೇಲೆ ಅವ್ವ ಹೊಲಿದ ಎರಡು ಕೌದಿ, ಗೋಡೆಗೆ ದಿಂಬು. ಮೊಣಕಾಲು ನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬಂದವರು ಮೊದಲು ಕುರ್ಚಿಯ ಕಡೆ ನೋಡುತ್ತಾರೆ, ಚಹಾ ಬರುವ ಹೊತ್ತಿಗೆ ಕೌದಿಯ ಮೇಲೆ ಕಾಲು ಚಾಚಿರುತ್ತಾರೆ. ಇದೂ ಸೇರಿ ಒಟ್ಟು ಖರ್ಚು 87,200.

ಏಳು ತಿಂಗಳು ಕೈಯಲ್ಲೇ ಬಟ್ಟೆ ಒಗೆದ ಮೇಲೆ ವಾಷಿಂಗ್ ಮಷೀನಿಗೆ ದುಡ್ಡು ಹೊಂದಿತು. ಈ ಸಲ ಟೇಪು ಹಿಡಿದು ಬಾಲ್ಕನಿಗೆ ಹೋದೆ. ನಲ್ಲಿ ಒಂದು ಮೂಲೆಯಲ್ಲಿ, ನೀರು ಹೋಗುವ ತೂತು ಇನ್ನೊಂದು ಮೂಲೆಯಲ್ಲಿ, ಪ್ಲಗ್ಗು ಒಳಗಿನ ರೂಮಿನಲ್ಲಿ. ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರೂ ಬಂದು ಹೋದರು, 1,900 ಆಯಿತು. ಮಷೀನು ಮುಂದಿನ ತಿಂಗಳು ತಂದೆವು.