ಆಫೀಸ್ ಯೂನಿಫಾರ್ಮ್: ಬಟ್ಟೆ ಕಂಪನಿಯದು, ಹೊಲಿಗೆ ಅವರವರದು

ಆಡಳಿತ ವಿಭಾಗದವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: ಯೂನಿಫಾರ್ಮ್ ಕಡ್ಡಾಯ ಮಾಡಬೇಕಾ, ಬೇಡವಾ? ನನ್ನ ಉತ್ತರ ಈಗ ರೆಡಿ ಇದೆ. ಕೌಂಟರ್‌ನಲ್ಲಿ ಕೂರುವವರಿಗೆ, ಹೊರಗೆ ಹೋಗಿ ಗ್ರಾಹಕರನ್ನು ನೋಡುವವರಿಗೆ ಕಡ್ಡಾಯ ಇರಲಿ. ಒಳಗೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇಡ. ಆದರೆ ಬಟ್ಟೆ ಮಾತ್ರ ಎಲ್ಲರಿಗೂ ಕೊಡಿ. ಹೀಗೆ ಮಾಡಿದ ಮೇಲೆ ನಮ್ಮಲ್ಲಿ ಕಡ್ಡಾಯ ಇಲ್ಲದವರಲ್ಲೇ ಸುಮಾರು ಮುಕ್ಕಾಲು ಪಾಲು ಜನ ವಾರದಲ್ಲಿ ಮೂರ್ನಾಲ್ಕು ದಿನ ಅದನ್ನೇ ಹಾಕಿಕೊಂಡು ಬರುತ್ತಾರೆ. "ಮೇಡಂ, ಇದು ಆಗುವ ಹೋಗುವ ಮಾತಲ್ಲ" ಅಂದಿದ್ದ ಅಕೌಂಟ್ಸ್ ಮುಖ್ಯಸ್ಥರು ಮೊನ್ನೆ ಇನ್ನೊಂದು ಶರ್ಟ್‌ಗೆ ಬಟ್ಟೆ ಕೇಳಿದರು. ಏನೂ ಮಾತಾಡದೆ ಸಹಿ ಹಾಕಿಸಿಕೊಂಡು ಕೊಟ್ಟೆ. ಆ ಹಾಳೆ ಫೈಲ್‌ನಲ್ಲಿ ಜೋಪಾನವಾಗಿದೆ.

ನಮ್ಮದು ಸುಮಾರು ಇನ್ನೂರು ಜನರ ಆಫೀಸ್. ನಾನು ಈ ಕುರ್ಚಿಗೆ ಬರುವ ಮೊದಲೇ ಒಂದು ಸುತ್ತು ಯೂನಿಫಾರ್ಮ್ ಆಗಿ ಹೋಗಿತ್ತು. ರೆಡಿಮೇಡ್. ಆ ಸುತ್ತಿನಿಂದ ನನಗೆ ಸಿಕ್ಕ ಆಸ್ತಿ ಎರಡು ಬೀರು ತುಂಬ ಶರ್ಟ್. ಎಲ್ಲಾ ಒಂದೋ ಸ್ಮಾಲ್, ಇಲ್ಲವೇ ಡಬಲ್ ಎಕ್ಸೆಲ್. ನಡುವಿನ ಸೈಜ್‌ಗಳು ಮೊದಲ ತಿಂಗಳಲ್ಲೇ ಖಾಲಿ. ರೆಡಿಮೇಡ್ ಆರ್ಡರ್ ಹಾಕಿದವರಿಗೆಲ್ಲ ಇದು ಗೊತ್ತಿರುತ್ತದೆ, ಎಷ್ಟೇ ಲೆಕ್ಕ ಹಾಕಿ ತರಿಸಿದರೂ ಉಳಿಯುವುದು ಬೇಡದ ಸೈಜೇ. ಲೆಕ್ಕ ತೆಗೆದು ನೋಡಿದರೆ ಒಟ್ಟು ಖರ್ಚಿನಲ್ಲಿ ಐದನೇ ಒಂದು ಭಾಗ ಆ ಬೀರುಗಳಲ್ಲೇ ಕೂತಿತ್ತು. ಕೆಲಸ ಬಿಟ್ಟವರು ವಾಪಸ್ ಕೊಟ್ಟ ಶರ್ಟ್‌ಗಳು ಬೇರೆ. ಇನ್ನೊಬ್ಬರ ಬೆವರು ಹೀರಿದ ಶರ್ಟ್ ಯಾರು ಹಾಕಿಕೊಳ್ಳುತ್ತಾರೆ ಹೇಳಿ?

ಅದಕ್ಕಿಂತ ದೊಡ್ಡ ಹೊಡೆತ ಬೇರೆ ಇತ್ತು. ದುಡ್ಡನ್ನು ಕಂತು ಮಾಡಿ ಸಂಬಳದಲ್ಲಿ ಹಿಡಿದಿದ್ದರು. ಪೇಸ್ಲಿಪ್‌ನಲ್ಲಿ 'ಯೂನಿಫಾರ್ಮ್ ಕಡಿತ' ಅನ್ನೋ ಸಾಲು ಕಂಡ ದಿನವೇ ಆ ಯೂನಿಫಾರ್ಮ್‌ನ ಕಥೆ ಮುಗಿದಿತ್ತು. ಹಾಕಲೇಬೇಕು ಅನ್ನುವವರು ದುಡ್ಡೂ ಕೊಡಬೇಕು. ಇದರಲ್ಲಿ ನಾನು ಚೌಕಾಸಿಗೆ ಬರುವುದಿಲ್ಲ.

ಆಮೇಲೆ ಮೇಲಿನವರು ಕಾಲರ್ ಇರುವ ಟೀ ಶರ್ಟ್ ಕೊಡಿಸಿದರು. ಚೀಪ್ ಮತ್ತು ಬೆಸ್ಟ್ ಅಂತ. ನಾಲ್ಕಾರು ಒಗೆತಕ್ಕೆ ಕಾಲರ್ ನಾಯಿ ಕಿವಿಯ ಹಾಗೆ ಮಡಚಿಕೊಂಡಿತು. ಅವು ಈಗಲೂ ಉಪಯೋಗದಲ್ಲಿವೆ, ಜನ ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಾರೆ.

ಮೂರನೇ ಸುತ್ತು ನನ್ನ ತಲೆಗೆ ಬಂದಾಗ ಮೀಟಿಂಗ್‌ನಲ್ಲಿ ಒಬ್ಬರು ಸಂಶೋಧನೆ ತೆಗೆದರು. 2012ರಲ್ಲಿ ಹಾಜೋ ಆಡಮ್ ಮತ್ತು ಆಡಮ್ ಗ್ಯಾಲಿನ್ಸ್ಕಿ ಮಾಡಿದ ಬಿಳಿ ಕೋಟಿನ ಪ್ರಯೋಗ ಅದು. ಡಾಕ್ಟರ್ ಕೋಟು ಅಂತ ಹೇಳಿ ತೊಡಿಸಿದರೆ ಜನ ಹೆಚ್ಚು ಗಮನ ಕೊಟ್ಟು ಕೆಲಸ ಮಾಡಿದರಂತೆ. 2019ರಲ್ಲಿ ಬೇರೆ ತಂಡ ಅದರ ಒಂದು ಭಾಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ ಅನ್ನೋದನ್ನು ನಾನು ಹೇಳಿದೆ. ಅದರ ಜೊತೆಗೆ ಸೋನಿ ಕಥೆಯನ್ನೂ ಹೇಳಿದೆ. ಸೋನಿ ಕಂಪನಿಗೆ ಜಪಾನಿನ ವಸ್ತ್ರ ವಿನ್ಯಾಸಕ ಇಸ್ಸೆ ಮಿಯಾಕೆ ಒಂದು ಜಾಕೆಟ್ ಮಾಡಿಕೊಟ್ಟಿದ್ದರು. ಜಿಪ್ ಬಿಚ್ಚಿದರೆ ತೋಳು ಕಳಚಿ ಬಂದು ಅದೇ ವೆಸ್ಟ್ ಆಗುತ್ತಿತ್ತು. ಅದನ್ನು ನೋಡಿ ಮರುಳಾದ ಸ್ಟೀವ್ ಜಾಬ್ಸ್, ಆ್ಯಪಲ್‌ನವರಿಗೂ ಅಂಥದ್ದೇ ವೆಸ್ಟ್ ಮಾಡಿಸೋಣ ಅಂತ ಬಂದು ಹೇಳಿದರೆ ಅವರ ಜನ ಕೂಗಿ ಓಡಿಸಿದರು. ಕೊನೆಗೆ ಜಾಬ್ಸ್ ತಮಗೊಬ್ಬರಿಗೇ ಕಪ್ಪು ಟರ್ಟಲ್‌ನೆಕ್ ಮಾಡಿಸಿಕೊಂಡರು. ಸ್ಟೀವ್ ಜಾಬ್ಸ್ ಸ್ಟೇಜ್ ಮೇಲೆ ನಿಂತು ಹೇಳಿದರೇ ಆಗದ್ದು ನಮ್ಮ ಸುತ್ತೋಲೆಯಿಂದ ಆಗುತ್ತಾ ಅಂತ ಕೇಳಿದೆ. ಎಲ್ಲರೂ ನಕ್ಕರು. ಬಜೆಟ್ ಮಾತ್ರ ಅರ್ಧವೇ ಪಾಸಾಯಿತು.

ಅರ್ಧ ಬಜೆಟ್ ಇದ್ದದ್ದರಿಂದಲೇ ರೆಡಿಮೇಡ್ ಬಿಟ್ಟು ಥಾನಿಗೆ, ಅಂದರೆ ಹೊಲಿಯದ ಬಟ್ಟೆಯ ಉರುಳೆಗೆ ಬಂದೆ. ಬಟ್ಟೆ ಕಂಪನಿ ಕೊಡುತ್ತದೆ, ಹೊಲಿಗೆಗೆ ಎಲ್ಲರಿಗೂ ಒಂದೇ ಮೊತ್ತ, ಹೊಲಿಸಿದ ಬಿಲ್ ತಂದರೆ ದುಡ್ಡು. ಶರ್ಟ್, ಉದ್ದ ಟಾಪ್, ಅರ್ಧ ತೋಳು, ಪೂರ್ತಿ ತೋಳು, ಏನಾದರೂ ಹೊಲಿಸಿಕೊಳ್ಳಲಿ. ಬಣ್ಣ ಎರಡೇ: ತಿಳಿನೀಲಿ, ಬೂದು. ನಿಯಮ ಒಂದು ಪುಟದಲ್ಲಿ ಮುಗಿದುಹೋಯಿತು. "ಹೀಗೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ಥರ ಕಾಣುತ್ತಾರೆ" ಅಂತ ಎಲ್ಲರದ್ದೂ ಒಂದೇ ರಾಗ. ಕಾಣಲಿಲ್ಲ. ಬಣ್ಣ ಒಂದೇ ಇದ್ದರೆ ದೂರದಿಂದ ಕಟ್ ಯಾರಿಗೂ ಗೊತ್ತಾಗುವುದಿಲ್ಲ. ಹತ್ತಿರ ಬಂದವರು ಮುಖ ನೋಡುತ್ತಾರೆ.

ಇದರಿಂದ ನಾನು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ಹಳೇ ರೆಡಿಮೇಡ್‌ನಲ್ಲಿ ಹೆಂಗಸರ ಪ್ಯಾಂಟ್‌ಗೆ ಜೇಬಿನ ಬಾಯಿ ಮಾತ್ರ ಇರುತ್ತಿತ್ತು, ಒಳಗೆ ಜೇಬೇ ಇಲ್ಲ. ಈಗ ಎಲ್ಲರೂ ಫೋನ್ ಹಿಡಿಯುವಷ್ಟು ಆಳದ ಜೇಬು ಇಡಿಸಿಕೊಂಡಿದ್ದಾರೆ. ಬಸುರಿಯಾಗಿದ್ದ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಬಿಡಿಸಿಕೊಳ್ಳುವ ಹಾಗೆ ಹೆಚ್ಚುವರಿ ಬಟ್ಟೆ ಒಳಗೆ ಮಡಚಿಸಿ ಹೊಲಿಸಿದರು. ಆ ಉಪಾಯ ನಮ್ಮ ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ.

ಬಟ್ಟೆ ಆರಿಸುವುದರಲ್ಲೇ ನನಗೆ ಜಾಸ್ತಿ ಸಮಯ ಹೋಯಿತು. ಶರ್ಟ್‌ಗೆ ಹತ್ತಿ ಜಾಸ್ತಿ, ಪಾಲಿಯೆಸ್ಟರ್ ಕಡಿಮೆ ಇರುವ ಮಿಶ್ರಣ, ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) 120ರ ಆಸುಪಾಸು. ಸ್ಯಾಂಪಲ್ ತುಂಡಿನ ಮೇಲೆ ಒಗೆಯುವ ಮೊದಲು 50 ಸೆಂಟಿಮೀಟರ್ ಚೌಕ ಗೆರೆ ಎಳೆಯಿರಿ, ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಒಂದೂವರೆ ಸೆಂಟಿಮೀಟರ್ ಕಡಿಮೆ ಬಂದರೆ ಅಲ್ಲಿಗೆ 3% ಕುಗ್ಗಿತು. ಅಷ್ಟೇ ತಾನೇ ಅನ್ನಿಸಬಹುದು. 40 ಸೆಂಟಿಮೀಟರ್ ಕಾಲರ್‌ಗೆ 3% ಅಂದರೆ 1.2 ಸೆಂಟಿಮೀಟರ್, ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ. ನನಗೆ ಬಂದ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಔಟ್. ಉಳಿದವನ್ನು ಹತ್ತಾರು ಸಲ ಒಗೆಸಿದೆ. ಆಮೇಲೆ ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ ಬಣ್ಣ ಬಿಡುತ್ತದಾ ನೋಡಿದೆ. ಲ್ಯಾಬ್ ರಿಪೋರ್ಟ್ ಕೇಳಿದರೆ ಒಗೆತಕ್ಕೆ ಬಣ್ಣ ನಿಲ್ಲುವ ಅಂಕ 5ಕ್ಕೆ 4ಕ್ಕಿಂತ ಕಡಿಮೆ ಇರಬಾರದು. ಕಂಕುಳು, ಕಾಲರ್ ಒಳಭಾಗ, ಬ್ಯಾಗಿನ ಪಟ್ಟಿ ಉಜ್ಜುವ ಭುಜ, ಈ ಮೂರು ಕಡೆ ಏನಾಗುತ್ತದೆ ಅನ್ನೋದು ಮಾತ್ರ ಯಾವ ರಿಪೋರ್ಟ್‌ನಲ್ಲೂ ಸಿಗುವುದಿಲ್ಲ. ಅದಕ್ಕೆ ಹತ್ತು ಹನ್ನೆರಡು ಜನಕ್ಕೆ ಮೊದಲೇ ಹೊಲಿಸಿ ಕೊಟ್ಟು ಒಂದು ಬೇಸಿಗೆ ಪೂರ್ತಿ ಓಡಾಡಿಸಿದೆ. ಆ ಜನರನ್ನು ಹೇಗೆ ಆರಿಸಿದೆ ಅನ್ನೋದರಲ್ಲೇ ಅರ್ಧ ಗೆಲುವು ಇತ್ತು. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಮ್ಯಾನೇಜರ್‌ಗಳು ಅದರಲ್ಲಿ ಇರಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಇನ್ನು ಬಣ್ಣದ ಲಾಟ್, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ಬಟ್ಟೆ. ಶೇಡ್ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಬಣ್ಣ ಬೇರೆ. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡ ಎರಡು ತುಂಡು ಬಿಸಿಲಿಗೆ ಹಿಡಿದರೆ ಒಂದು ನೀಲಿ, ಒಂದು ನೇರಳೆ ಆಗಿದ್ದೂ ಇದೆ. ಕಿಟಕಿ ಹತ್ತಿರ ನೋಡದೆ ಯಾವ ಬಟ್ಟೆಯನ್ನೂ ಪಾಸ್ ಮಾಡಬೇಡಿ. ನಾನು ಒಂದೇ ಲಾಟ್‌ನಲ್ಲಿ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಹಿಡಿಸಿದೆ. ಆ ಹೆಚ್ಚುವರಿಗೆ ಮುಂಗಡ ಕೊಡಲಿಲ್ಲ. ಸಪ್ಲೈಯರ್‌ನನ್ನು ಒಪ್ಪಿಸಿದ್ದು ಹೇಗೆ ಅಂತ ನಮ್ಮ ಪರ್ಚೇಸ್‌ನವರು ಇವತ್ತಿಗೂ ಕೇಳುತ್ತಾರೆ. ಕೇಳುತ್ತಿರಲಿ.

ಲೋಗೋ ವಿಷಯಕ್ಕೆ ತುಂಬಾ ಜಗಳವಾಯಿತು. ಎದೆ ಮೇಲೆ ಕಸೂತಿ ಬೇಕೇ ಬೇಕು ಅಂದರು. ತೆಳು ಬಟ್ಟೆಗೆ ಒತ್ತೊತ್ತಾಗಿ ಎಂಬ್ರಾಯ್ಡರಿ ಹಾಕಿದರೆ ಸುತ್ತಲೂ ಬಟ್ಟೆ ಎಳೆದುಕೊಂಡು ನೆರಿಗೆ ಬೀಳುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಕಸೂತಿಯ ಹಿಂದೆ ಒಳಗೆ ಹಾಕುವ ಗಟ್ಟಿ ತುಂಡು (ಬ್ಯಾಕಿಂಗ್) ಚರ್ಮಕ್ಕೆ ಚುಚ್ಚುತ್ತದೆ. ಲೋಗೋ ಇದ್ದರೆ ಆ ಶರ್ಟ್ ಹಾಕಿಕೊಂಡು ಆಫೀಸ್ ಬಿಟ್ಟು ಬೇರೆಲ್ಲೂ ಹೋಗಲೂ ಆಗುವುದಿಲ್ಲ. ಶರ್ಟ್ ಸಾದಾ ಇರಲಿ, ಹೆಸರಿನ ಬ್ಯಾಡ್ಜ್ ಮ್ಯಾಗ್ನೆಟ್‌ದು ಕೊಡೋಣ ಅಂತ ಪಟ್ಟು ಹಿಡಿದೆ. ಜನ ಇದನ್ನು ಹಾಕಿಕೊಳ್ಳುವುದಕ್ಕೆ ಲೋಗೋ ಇಲ್ಲದಿರುವುದೇ ಮೊದಲ ಕಾರಣ ಅಂತ ನನ್ನ ನಂಬಿಕೆ. ಬ್ಯಾಡ್ಜ್ ಕೊಡುವ ಮುಂಚೆ ಯಾರಿಗಾದರೂ ಪೇಸ್‌ಮೇಕರ್ ಇದೆಯಾ ಕೇಳಿಕೊಳ್ಳಿ, ಅಂಥವರಿಗೆ ಮ್ಯಾಗ್ನೆಟ್ ಬೇಡ, ಪಿನ್‌ದು ಕೊಡಿ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಕೌಂಟರ್‌ನವರ ಕಾಲರ್ ಒಳಪಟ್ಟಿಗೆ ಬೇರೆ ಬಣ್ಣ ಹಾಕಿಸಿ, ಬಂದವರು ಸರಿಯಾದ ವ್ಯಕ್ತಿಯನ್ನೇ ಕೇಳುತ್ತಾರಾ ನೋಡಿದೆ. ಪಟ್ಟಿಯಿಂದ ಏನೂ ಆಗಲಿಲ್ಲ. ಬ್ಯಾಡ್ಜ್ ಮೇಲಿನ ಅಕ್ಷರ ದಪ್ಪ ಮಾಡಿದಾಗ ಆಯಿತು. ಇನ್ನೊಂದು ಎಸಿ ವಿಷಯ. ಜಪಾನಿನಲ್ಲಿ 2005ರಲ್ಲಿ ಸರ್ಕಾರವೇ 'ಕೂಲ್ ಬಿಜ್' ಅಂತ ಶುರು ಮಾಡಿ, ಟೈ ಕೋಟು ಬಿಟ್ಟು ಬನ್ನಿ, ಎಸಿ 28 ಡಿಗ್ರಿಗೆ ಇಡಿ ಅಂದಿತ್ತು. ನಮ್ಮಲ್ಲಿ 28 ಇಟ್ಟ ದಿನ ದಂಗೆಯೇ ಆಯಿತು. ಆದರೆ ಮ್ಯಾನೇಜರ್‌ಗಳೂ ಕೋಟು ಬಿಟ್ಟು ಈ ತೆಳು ಶರ್ಟ್‌ಗೆ ಬಂದ ಮೇಲೆ ಎರಡು ಡಿಗ್ರಿ ಏರಿಸಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಕರೆಂಟ್ ಬಿಲ್ ಇಳಿದದ್ದರ ಹೆಸರು ಮಾತ್ರ ಬೇರೆ ವಿಭಾಗಕ್ಕೆ ಹೋಯಿತು.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು ಹೇಳುತ್ತೇನೆ. ರೆಡಿಮೇಡ್‌ಗೆ ತಲೆಗೆ 100 ಆಗುತ್ತಿತ್ತು ಅಂದುಕೊಳ್ಳಿ. ನಮ್ಮದು ಮೊದಲ ವರ್ಷ 115-120 ಆಯಿತು, ಹೊಲಿಗೆಯೇ ದುಬಾರಿ. ಅರ್ಧ ಬಜೆಟ್‌ನಲ್ಲಿ ಹೇಗೆ ಸರಿದೂಗಿತು ಅಂದರೆ, ಮೊದಲ ಕಂತಿನಲ್ಲಿ ಕೇಳಿದವರಿಗೆ ಮಾತ್ರ ಕೊಟ್ಟೆ, ಅರ್ಧ ಜನವೂ ಕೇಳಲಿಲ್ಲ. ಉಳಿದವರು ನೋಡಿ ನೋಡಿ ಕೇಳಲು ಶುರು ಮಾಡುವ ಹೊತ್ತಿಗೆ ಮುಂದಿನ ಬಜೆಟ್ ಬಂದಿತ್ತು. ಎರಡನೇ ವರ್ಷ ತಲೆಗೆ 40ರ ಒಳಗೇ ಮುಗಿಯಿತು, ಯಾಕಂದರೆ ಬಟ್ಟೆ ಹಾಳಾಗಿರಲಿಲ್ಲ, ಬೀರುವಿನಲ್ಲಿ ಬೇಡದ ಸೈಜ್ ಇರಲಿಲ್ಲ. ಥಾನಿಗೆ ಸೈಜ್ ಎಲ್ಲಿಂದ ಬರಬೇಕು, ಅಲ್ವಾ? ಕಡ್ಡಾಯ ಇರುವವರಿಗೆ ಒಂದು ಜೊತೆ ಜಾಸ್ತಿ, ಒಗೆತಕ್ಕೆ ತಿಂಗಳಿಗೆ ಸಣ್ಣ ಮೊತ್ತ. ಸುಳ್ಳು ಬಿಲ್ ತಂದವರೂ ಇದ್ದರು. ಹೊಲಿಸಿದ ಶರ್ಟ್ ಹಾಕಿಕೊಂಡು ಬಂದೇ ಬಿಲ್ ಕೊಡಬೇಕು ಅಂದ ಮೇಲೆ ಅದೂ ನಿಂತಿತು.

ಈಗಲೂ ಹಾಕದವರು ಇದ್ದಾರೆ. ಒಬ್ಬರು ಬಟ್ಟೆ ತಗೊಂಡು ಹೋಗಿ ಕಿಟಕಿಗೆ ಪರದೆ ಹೊಲಿಸಿದ್ದಾರೆ ಅಂತ ಕೇಳಿದೆ. ನಾನು ವಿಚಾರಿಸಲು ಹೋಗಿಲ್ಲ. ಹೊಸಬರಿಗೆ ಸೇರಿದ ದಿನವೇ ಕೊಡುವುದಿಲ್ಲ, ಪ್ರೊಬೇಷನ್ ಮುಗಿದ ಮೇಲೆ ಕೊಡುತ್ತೇನೆ. ಬಿಟ್ಟು ಹೋಗುವವರಿಂದ ಬ್ಯಾಡ್ಜ್ ಮಾತ್ರ ವಾಪಸ್ ತಗೊಳ್ಳುತ್ತೇನೆ. ಬೂದು ಬಣ್ಣದ ಥಾನು ಇನ್ನೊಂದು ವರ್ಷಕ್ಕೆ ಸಾಲುವುದಿಲ್ಲ, ಹಾಗಾಗಿ ಹೊಸ ಲಾಟ್‌ನ ತುಂಡುಗಳನ್ನು ಈಗಲೇ ಒಗೆಯಲು ಹಾಕಿದ್ದೇನೆ.